ಬೇಲಿಯ ಹೊರಗಿನ ಬಂಡೆ

ಮೊಳಕಾಲ್ಮೂರು
ಜನವರಿ 26, 1998

ಪಾತಾ,

ಜೀಪಿನವನು ವಾಪಸು ಬಂದು ಹೇಳಿದ. ಚಳ್ಳಕೆರೆ ದಾಟಿ ಹಟ್ಟಿ ಸೇರುವವರೆಗೂ ನೀನು ಒಂದು ಸಲ ಕೂಡ ಅಯ್ಯೋ ಅನ್ನಲಿಲ್ಲವಂತೆ, ಹಲ್ಲು ಕಚ್ಚಿಕೊಂಡೇ ಇದ್ದೆಯಂತೆ. ಕೇಳಿ ನನಗೇನೂ ಸಮಾಧಾನವಾಗಲಿಲ್ಲ. ಚಿಕ್ಕವನಿದ್ದಾಗ ಕಾಲಿಗೆ ಜಾಲಿಮುಳ್ಳು ಚುಚ್ಚಿದರೆ ಹಟ್ಟಿಗೆಲ್ಲ ಕೇಳುವ ಹಾಗೆ ಅಳುತ್ತಿದ್ದವನು ನೀನು. ನಲವತ್ತಾರು ವರ್ಷವಾಯಿತು ಅಂತ ಅಳುವುದನ್ನೇ ಬಿಟ್ಟರೆ ಆ ನೋವೆಲ್ಲ ಎಲ್ಲಿಗೆ ಹೋಗಬೇಕು?

ಇವತ್ತು ಅಂಗನವಾಡಿಯಲ್ಲಿ ಬಾವುಟ ಹಾರಿಸಿ ಮಕ್ಕಳಿಗೆ ಪೆಪ್ಪರಮೆಂಟು ಕೊಟ್ಟೆ. ನೀನು ಎರಡು ವಾರ ಮಲಗಿದ್ದ ಹಿಂದಿನ ಕೋಣೆ ಗುಡಿಸಿ ಹಿಟ್ಟಿನ ಚೀಲಗಳನ್ನು ಮತ್ತೆ ಒಳಗಿಟ್ಟೆ. "ಕಾಲು ಮುರುದಿದ್ದ ಮಾಮ ಎಲ್ಲೋದ ಟೀಚರ್?" ಅಂತ ಮಕ್ಕಳು ಕೇಳುತ್ತವೆ. ನಿನ್ನನ್ನು ಅಲ್ಲಿ ಮಲಗಿಸಿದ್ದು ಯಾಕೆಂದು ನಿನಗೆ ಗೊತ್ತಿದೆ. ನಮ್ಮ ಯಜಮಾನರದು ಮೊಟ್ಟೆ ವ್ಯಾಪಾರ, ಹಿತ್ತಲಲ್ಲಿ ಇಪ್ಪತ್ತು ಕೋಳಿ. ನೀನೋ, ಕೋಳಿ ಮೊಟ್ಟೆ ಮುಟ್ಟಬಾರದೆಂಬ ನೇಮದ, ಕೋಳಿ ಕೂಗೇ ಕೇಳದ ಹಟ್ಟಿಯ ಪೂಜಾರಿ. ಹಟ್ಟಿಗೆ ಹಿರಿಯನಾದ ತಿಪ್ಪಯ್ಯ ಮಾವ ಕೇಳಿದರೆ ಧೈರ್ಯವಾಗಿ ಹೇಳು, ವೀರಕ್ಕ ನನ್ನನ್ನು ಅವಳ ಸೂರಿನ ಕೆಳಗೆ ಒಂದು ದಿನವೂ ಮಲಗಿಸಲಿಲ್ಲ ಅಂತ.

ಹಾನಗಲ್ ಕ್ರಾಸಿನ ಹತ್ತಿರ ರಸ್ತೆ ಮೇಲೆ ಹುರುಳಿ ಹರಡಿದ್ದ ಗಂಡ ಹೆಂಡತಿ ನಿನ್ನೆ ಮನೆಗೆ ಬಂದಿದ್ದರು. ಲಾರಿ ಬಸ್ಸು ತುಳಿದು ಕಾಳು ಬಿಡಿಸಿಕೊಡಲಿ ಅಂತ ಹರಡುವುದು ನಮ್ಮ ಸೀಮೆಯಲ್ಲಿ ಇದ್ದದ್ದೇ. ಅದರ ಮೇಲೆ ಸ್ಕೂಟರ್ ನಿಲ್ಲುವುದಿಲ್ಲ ಅಂತ ಅವರಿಗೂ ಗೊತ್ತಿರಲಿಲ್ಲ, ನಿನಗೂ ಗೊತ್ತಾಗಲಿಲ್ಲ. ಆ ಹೆಂಗಸು ಒಂದು ಸೇರು ಹುರುಳಿ ತಂದು ಮುಂದಿಟ್ಟು ಅತ್ತಳು. ಇಟ್ಟುಕೊಂಡೆ. ಇವತ್ತು ಅದರದ್ದೇ ಸಾರು.

ಮೂಳೆ ಕಟ್ಟುವ ಚಿತ್ತಪ್ಪ ಎರಡನೇ ಕಟ್ಟಿಗೆ ಹಟ್ಟಿಗೇ ಬರುತ್ತಾನೆ. ಮದ್ದನ್ನು ನಾನೇ ಸೀಸೆಯಲ್ಲಿ ತುಂಬಿ ಕಳಿಸುತ್ತೇನೆ. ವಾಸನೆ ಬಂದರೆ ಗಾಬರಿಯಾಗಬೇಡ. ಮತ್ತಿ ತೊಗಟೆ, ಹೊನ್ನೆ ಅಂಟು, ಬಂದರಿಕೆ ಸೊಪ್ಪು, ಇನ್ನೂ ಏನೇನೋ ಬೇರು. ಎಲ್ಲ ಗಿಡದ್ದೇ. ಗಿಡದ್ದು ಬಿಟ್ಟು ಬೇರೇನೂ ಇಲ್ಲ.

ಕೊನೆಗೆ ಒಂದು ಮಾತು. ಎದುರಿಗೆ ಹೇಳಲು ನನಗೆ ನಾಲಿಗೆ ಬರಲಿಲ್ಲ. ಸ್ಕೂಟರಿನ ಡಿಕ್ಕಿ ತೆಗೆದಾಗ ಅರಿಶಿನ ಕುಂಕುಮದ ಪೊಟ್ಟಣ, ಎಲೆ ಅಡಿಕೆ, ಹಸಿರು ರವಿಕೆ ಕಣ ಸಿಕ್ಕಿದವು. ಈ ವೈಶಾಖದಲ್ಲಿ ದೇವರ ಪೆಟ್ಟಿಗೆ ಹೊಳೆಗೆ ಹೋಗುತ್ತದೆ. ಹೊಳೆಯಿಂದ ಮೊದಲ ಬಿಂದಿಗೆ ನೀರು ತರಬೇಕಾದವಳು ಪೂಜಾರಿ ಮನೆಯ ಹೆಣ್ಣುಮಗಳು. ನೀನು ನನ್ನನ್ನು ಕರೆಯಲು ಬರುತ್ತಿದ್ದೆ, ಅಲ್ಲವೇನೋ? ಹನ್ನೊಂದು ವರ್ಷ ಬೇಲಿಯ ಹೊರಗಿನ ಬಂಡೆ ಮೇಲೆ ಕೂತು, ನಿನ್ನ ಹೆಂಡತಿ ರಾಧಮ್ಮ ಎತ್ತಿ ಹುಯ್ಯುವ ನೀರನ್ನು ಬೊಗಸೆಯಲ್ಲಿ ಕುಡಿದು ಬಂದಿದ್ದೇನೆ. ಕರೆಯಲು ಹೊರಟು ನೀನು ಕಾಲು ಮುರಿದುಕೊಂಡೆಯಲ್ಲ ಅಂತ ಹೊಟ್ಟೆ ಉರಿಯುತ್ತದೆ. ಕರೆಯಲು ಹೊರಟೆಯಲ್ಲ ಅಂತ ಸಂತೋಷವೂ ಆಗುತ್ತದೆ. ಎರಡೂ ನಿಜ.

ನಿನ್ನ ಅಕ್ಕ,
ವೀರಮ್ಮ


ಜಾಲಿಗುಡ್ಡದ ಹಟ್ಟಿ
(ದೊಡ್ಡಉಳ್ಳಾರ್ತಿ ಅಂಚೆ)
ಫೆಬ್ರವರಿ 11, 1998

ಅಕ್ಕಾ,

ನಿನ್ನ ಪತ್ರ ಬಂದು ಹತ್ತು ದಿನವಾಯಿತು. ಬರೆಯಲು ಕೈಗೇನೂ ಆಗಿರಲಿಲ್ಲ, ಮನಸ್ಸಿಗೆ ಸೋಮಾರಿತನ. ಮಂಚದ ಮೇಲೆ ಮಲಗಿದವನಿಗೆ ಕೆಲಸವಿಲ್ಲ ಅಂತ ನೋಡಿದವರು ಅಂದುಕೊಳ್ಳುತ್ತಾರೆ. ಮಗ್ಗುಲು ಬದಲಿಸುವುದೇ ಒಂದು ಕೆಲಸ. ಅದಕ್ಕೆ ರಾಧಮ್ಮ ಬರಬೇಕು, ಬಂದು ಕಾಲನ್ನು ಎತ್ತಿ ಹಿಡಿಯಬೇಕು, ನಾನು ಬೈಯಬೇಕು, ಅವಳು ಸುಮ್ಮನಿರಬೇಕು. ಆಮೇಲೆ ಇಬ್ಬರಿಗೂ ಸುಸ್ತು.

ಇಪ್ಪತ್ತೆರಡು ವರ್ಷ ದನದ ಆಸ್ಪತ್ರೆಯಲ್ಲಿ ಕಾಂಪೌಂಡರ್ ಆಗಿ ಎಷ್ಟು ಎತ್ತುಗಳ ಕಾಲು ಕಟ್ಟಿದ್ದೇನೋ ಲೆಕ್ಕವಿಲ್ಲ. ಎತ್ತು ಕಣ್ಣು ಮೇಲಕ್ಕೆ ಮಾಡಿ ನೋಡುತ್ತಿತ್ತಲ್ಲ, ಅದು ಏನು ಹೇಳುತ್ತಿತ್ತು ಅಂತ ಈಗ ಅರ್ಥವಾಗುತ್ತಿದೆ. ಏನೂ ಹೇಳುತ್ತಿರಲಿಲ್ಲ. ಬೇಗ ಮುಗಿಸಯ್ಯಾ ಅನ್ನುತ್ತಿತ್ತು.

ಚಿತ್ತಪ್ಪ ಶುಕ್ರವಾರ ಬಂದಿದ್ದ. ಬೇಲಿಯ ಹೊರಗೆ ಕೂತು ಮದ್ದು ಕಲಸಿ, ಬಟ್ಟೆಯಲ್ಲಿ ನೆನೆಸಿ, ಒಳಗೆ ಬಂದು ಬಿದಿರು ದಬ್ಬೆ ಇಟ್ಟು ಕಟ್ಟಿದ. "ಏಮೀ ಕಾದು ಸಾಮೀ, ಏನೂ ಆಗಲ್ಲ, ಇನ್ನೊಂದು ಕಟ್ಟು ಹಾಕಿದ್ರೆ ನೀವು ಕುರಿ ಹಿಂದೆ ಓಡ್ತೀರಿ" ಅಂದ. ನನಗೆ ಓಡುವ ಆಸೆಯಿಲ್ಲ. ಬಯಲಿಗೆ ಒಬ್ಬನೇ ಹೋಗಿ ಬರುವಂತಾದರೆ ಸಾಕು.

ನೀನು ಬರೆದ ಬೇರು ತೊಗಟೆಗಳನ್ನು ಓದಿದೆ. ಹೊನ್ನೆ ಮರ ನೋಡಬೇಕಾದರೆ ನಾವು ಬಸ್ಸು ಹತ್ತಿ ಅರ್ಧ ದಿನ ಹೋಗಬೇಕು. ಚಿತ್ತಪ್ಪ ದೊಡ್ಡ ಪಂಡಿತನೇ ಇರಬೇಕು. ಒಂದು ತಮಾಷೆ ಏನೆಂದರೆ, ಹಟ್ಟಿಯ ನಾಯಿ ನನ್ನ ಮಂಚದ ಕೆಳಗೇ ಬಿಡಾರ ಹೂಡಿದೆ. ಕಟ್ಟಿನ ಬಟ್ಟೆ ಮೂಸುವುದು, ನೆಕ್ಕಲು ಬರುವುದು. "ನಾಯಿಗೆ ನಿನ್ ಮ್ಯಾಲೆ ಯಾಕ್ಲ ಇಷ್ಟು ಪ್ರೀತಿ ಬಂತು?" ಅಂತ ತಿಪ್ಪಯ್ಯ ಮಾವ ಕೇಳಿದ. ನಾನು ಪೂಜಾರಿಯಲ್ಲವೇ ಮಾವ, ಅದಕ್ಕೆ ಭಕ್ತಿ ಇರಬೇಕು ಅಂದೆ.

ಸ್ಕೂಟರ್ ಹೇಗಿದೆ ಬರಿ. ಮಳೆ ಇಲ್ಲದಿದ್ದರೂ ಮೇಲೊಂದು ಗೋಣಿತಾಟು ಹೊದಿಸು. ಭಾವನಿಗೆ ಕೇಳಿದೆನೆಂದು ತಿಳಿಸು.

ನಿನ್ನ ತಮ್ಮ,
ಪಾತಣ್ಣ


ಮೊಳಕಾಲ್ಮೂರು
ಫೆಬ್ರವರಿ 20, 1998

ಪಾತಾ,

ನಾಯಿಯ ವಿಷಯ ಅರ್ಧ ಪುಟ ಬರೆದಿದ್ದೀಯ. ನಾನು ಕೇಳಿದ್ದಕ್ಕೆ ಒಂದು ಗೆರೆಯೂ ಇಲ್ಲ. ನೀನು ಮೊದಲಿನಿಂದಲೂ ಹೀಗೇ. ಒಳಗೆ ಒಪ್ಪಿದ್ದನ್ನು ಬಾಯಲ್ಲಿ ಹೇಳಲು ನಾಚಿಕೆ. ಅವ್ವ ಅನ್ನುತ್ತಿದ್ದಳು, "ಈ ಹುಡ್ಗನ ಬಾಯಾಗೆ ಮಾತು ಬರೋದ್ರಾಗೆ ಮುದ್ದೆ ಆರೋಗ್ತೈತೆ" ಅಂತ.

ಸ್ಕೂಟರ್ ಕ್ಷೇಮವಾಗಿದೆ. ಮೇಲೆ ಗೋಣಿತಾಟು ಇದೆ. ಅದರ ಮೇಲೆ ಯಾರು ಕೂರುತ್ತಾರೆ ಅಂತ ಕೇಳಬೇಡ. ನಿಮ್ಮ ಭಾವನವರು ದಿನಾ ಬೆಳಿಗ್ಗೆ ಓಡಿಸುತ್ತಾರೆ, ಸ್ಕೂಟರನ್ನಲ್ಲ, ಕೂತವರನ್ನು.

ಹಸಿರು ಕಣದಲ್ಲಿ ರವಿಕೆ ಹೊಲಿಸಿದೆ. ದರ್ಜಿ ತೋಳು ಬಿಗಿ ಮಾಡಿದ್ದ, ಬಿಚ್ಚಿಸಿ ಮತ್ತೆ ಹೊಲಿಸಿದೆ. ನಿನ್ನ ಕುಂಕುಮವನ್ನೇ ದಿನಾ ಇಟ್ಟುಕೊಳ್ಳುತ್ತಿದ್ದೇನೆ. ಅವ್ವನ ತಾಮ್ರದ ಬಿಂದಿಗೆಯನ್ನು ಹುಣಸೆಹಣ್ಣು ಹಾಕಿ ಉಜ್ಜಿ ಇಟ್ಟಿದ್ದೇನೆ. ಅಂಗನವಾಡಿಗೆ ಬರುವ ತಾಯಂದಿರಿಗೆಲ್ಲ ಹೇಳಿಬಿಟ್ಟೆ, ನಮ್ಮ ತಮ್ಮ ಕರೆಯಲು ಬರುವಾಗಲೇ ಹೀಗಾಯಿತು ಅಂತ. ನಿನಗೆ ಬೇಜಾರಾದರೆ ಆಗಲಿ. ಹನ್ನೊಂದು ವರ್ಷ ಹೇಳಿಕೊಳ್ಳಲು ನನಗೆ ಏನೂ ಇರಲಿಲ್ಲ.

ಭಾವನವರು ಮಾತ್ರ, "ಕರೆದ್ರೆ ಹೋಗು. ಅವನ ಬಾಯಾಗೆ ಬರ್ಲಿ. ಡಿಕ್ಕಿಯಾಗಿರೋ ಕುಂಕುಮ ಕರೆದಂಗಲ್ಲ" ಅನ್ನುತ್ತಾರೆ. ಅವರಿಗೆ ನಿನ್ನ ಮೇಲೆ ಹಳೆಯ ಸಿಟ್ಟು. ಅದೂ ಸುಳ್ಳಲ್ಲ. ಮೊಟ್ಟೆ ವ್ಯಾಪಾರಕ್ಕೆ ಅವರು ಇಳಿದದ್ದು ಶೋಕಿಗಲ್ಲ, ಮಗ್ಗದ ಕೂಲಿ ನಿಂತ ವರ್ಷ ಇಳಿದರು. ಆ ವರ್ಷ ಯುಗಾದಿಗೆ ಹಟ್ಟಿಗೆ ಬಂದಾಗ ನೀನೇ ಬೇಲಿ ಬಾಯಿಗೆ ಅಡ್ಡ ನಿಂತು, "ಅಕ್ಕಾ, ಅಲ್ಲೇ ಬಂಡೆ ಮ್ಯಾಲೆ ಕೂತ್ಕ" ಅಂದೆ. ಹಿಂದೆ ತಿಪ್ಪಯ್ಯ ಮಾವ ನಿಂತಿದ್ದ. ನಿನ್ನ ಕಣ್ಣು ನೆಲ ನೋಡುತ್ತಿತ್ತು. ಆ ಕಣ್ಣನ್ನು ನೋಡಿಯೇ ನಾನು ಸುಮ್ಮನೆ ಕೂತೆ. ಇಲ್ಲದಿದ್ದರೆ ಅವತ್ತೇ ಮಣ್ಣು ತೂರಿ ಹೊರಟುಬಿಡುತ್ತಿದ್ದೆ.

ಹೋಗಲಿ ಬಿಡು. ಯಾವ ದಿನ ಅಂತ ಬರಿ. ರಜೆ ಹಾಕಬೇಕು, ಮೇಲ್ವಿಚಾರಕಿ ಮೊದಲೇ ಸಿಡುಕಿ.

ವೀರಮ್ಮ


ಜಾಲಿಗುಡ್ಡದ ಹಟ್ಟಿ
ಮಾರ್ಚ್ 6, 1998

ಅಕ್ಕಾ,

ಮೂರನೇ ಕಟ್ಟೂ ಆಯಿತು. ಸೀಸೆ ತಲುಪಿತು. ಬಿಸಿಲು ಜೋರು, ಕಟ್ಟಿನೊಳಗೆ ಕಡಿತ. ಕಡ್ಡಿ ತೂರಿಸಿ ಕೆರೆದುಕೊಳ್ಳುತ್ತೇನೆ.

ದಿನ ಇನ್ನೂ ಗೊತ್ತಾಗಿಲ್ಲ. ತುಂಬ ಸುಸ್ತು. ಹೆಚ್ಚಿಗೆ ಬರೆಯಲಾರೆ.

ಪಾತಣ್ಣ


ಮೊಳಕಾಲ್ಮೂರು
ಏಪ್ರಿಲ್ 2, 1998

ತಮ್ಮಾ,

ಯುಗಾದಿ ಕಳೆಯಿತು. ನೀನು ಒಂದು ಕಾರ್ಡೂ ಹಾಕಲಿಲ್ಲ. ಮೊನ್ನೆ ಬಸ್‌ಸ್ಟ್ಯಾಂಡಿನಲ್ಲಿ ನಿಮ್ಮ ಆಸ್ಪತ್ರೆಯ ಹನುಮಣ್ಣ ಸಿಕ್ಕಿದ್ದ. "ಏನಕ್ಕಾ, ವೈಶಾಖ ಹುಣ್ಣಿಮೆ ಸೋಮವಾರ ಅಂತಲ್ಲ ನಿಮ್ಮ ದೇವ್ರು ಹೊಳಿಗೆ ಹೋಗೋದು? ಸಂಕ್ರಾಂತಿಗಿಂತ ಮುಂಚೇನೇ ಗೊತ್ತು ಮಾಡಿದ್ರಂತೆ" ಅಂದ. ನಾನು ಹೂಂ ಅಂದೆ, ಗೊತ್ತಿದ್ದವಳ ಹಾಗೆ. ಬಸ್ಸು ಬಂದರೂ ಹತ್ತಲಿಲ್ಲ.

ದಿನ ಗೊತ್ತಿದ್ದೂ ನನಗೆ ಬರೆಯಲಿಲ್ಲ ಅಂದರೆ ನಿನಗೆ ಮದ್ದಿನ ವಿಷಯ ಗೊತ್ತಾಗಿದೆ. ಅದಕ್ಕೇ ಸಿಟ್ಟಾಗಿದ್ದೀಯ. ಇನ್ನು ಮುಚ್ಚಿಟ್ಟು ಏನು ಪ್ರಯೋಜನ? ಹೇಳಿಬಿಡುತ್ತೇನೆ.

ಕಟ್ಟಿನ ಮದ್ದು ಮೊಟ್ಟೆಯ ಲೋಳೆ. ಸೊಪ್ಪೂ ಇತ್ತು, ಆದರೆ ಹಿಡಿದು ನಿಲ್ಲಿಸಿದ್ದು ಲೋಳೆಯೇ. ಮೊದಲ ಕಟ್ಟಿಗೆ ಏಳು, ಆಮೇಲೆ ಐದೈದು. ನಮ್ಮ ಹಿತ್ತಲಿನ ಕೋಳಿಗಳದೇ.

ಆ ದಿನ ಏನಾಯಿತೆಂದು ಕೇಳು. ಸರ್ಕಾರಿ ಆಸ್ಪತ್ರೆಯಲ್ಲಿ ಸೂಜಿ ಹಾಕಿ, ಎರಡೂ ಮೂಳೆ ಮುರಿದಿವೆ, ದಾವಣಗೆರೆಗೆ ಒಯ್ದು ಪ್ಲೇಟು ಹಾಕಿಸಿ ಅಂದರು. ಜೀಪು ಸಿಗಲಿಲ್ಲ. ಕಾಲು ಬಾತು ಕಪ್ಪಾಗುತ್ತಿತ್ತು. ಯಾರೋ ಹೋಗಿ ಆಂಧ್ರದ ಕಡೆಯಿಂದ ಚಿತ್ತಪ್ಪನನ್ನು ಕರೆತಂದರು. ಅವನು ಮುಟ್ಟಿ ನೋಡಿ, "ನಾಟಿ ಕೋಳಿ ಗುಡ್ಡು ಬೇಕಮ್ಮಾ, ಈಗ್ಲೇ" ಅಂದ. ನಿಮ್ಮ ಭಾವನವರು ನನ್ನ ಕೈ ಹಿಡಿದು, "ಅವನಿಗೆ ಎಚ್ರ ಆಗ್ಲಿ ಕಣೇ. ಕೇಳಿ ಹಾಕಾನ. ನಾಳೆ ಹಟ್ಟಿಯೋರು ನಿನ್ನನ್ನೇ ಅಂತಾರೆ" ಅಂದರು. ಯಾರನ್ನು ಕೆಟ್ಟವರು ಅಂತ ಹಟ್ಟಿ ದೂರ ಇಟ್ಟಿತೋ ಅವರೇ ಕಣೋ ನಿನ್ನ ನೇಮದ ಬಗ್ಗೆ ಯೋಚನೆ ಮಾಡಿದ್ದು. ನಾನು ಮಾಡಲಿಲ್ಲ. ನೀನು ಸೂಜಿಯ ಮಂಪರಿನಲ್ಲಿ "ಅಕ್ಕಾ, ಕಾಲು ಉಳ್ಸೇ" ಅಂತ ಗೊಣಗುತ್ತಿದ್ದೆ. ನಾನೇ ಹಿತ್ತಲಿಗೆ ಓಡಿ ಬುಟ್ಟಿ ತಂದೆ, ನಾನೇ ಒಡೆದೆ.

ತಪ್ಪು ನನ್ನದು. ನಿನಗೆ ಎಚ್ಚರವಿರಲಿಲ್ಲ. ತಿಪ್ಪಯ್ಯ ಮಾವನಿಗೆ ಹಾಗೇ ಹೇಳು. ಎಚ್ಚರವಿಲ್ಲದವನಿಗೆ ದೋಷವಿಲ್ಲ. ಬೇಕಾದರೆ ನಾನು ಬಂದು ಬಂಡೆಯ ಹತ್ತಿರ ನಿಂತು ಒಪ್ಪಿಕೊಳ್ಳುತ್ತೇನೆ. ಆದರೆ ಕರೆಯಲು ಹೊರಟವನು ಕರೆಯದೆ ಇರಬೇಡ. ಅದೊಂದನ್ನು ನನ್ನಿಂದ ತಡೆಯಲಾಗುವುದಿಲ್ಲ.

ವೀರಮ್ಮ


ಜಾಲಿಗುಡ್ಡದ ಹಟ್ಟಿ
ಏಪ್ರಿಲ್ 23, 1998

ಅಕ್ಕಾ,

ಈ ಪತ್ರವನ್ನು ನಾಲ್ಕು ಸಲ ಬರೆದು ಹರಿದೆ. ಈ ಸಲ ಹರಿಯುವುದಿಲ್ಲ. ಹರಿಯಲೂ ದಣಿವಾಗಿದೆ.

ಮದ್ದು ಏನೆಂದು ನನಗೆ ಮೊದಲಿನಿಂದಲೂ ಗೊತ್ತಿತ್ತು. ಅಂಗನವಾಡಿ ಕೋಣೆಯಲ್ಲಿ ಎಚ್ಚರವಾದ ಮೊದಲ ದಿನವೇ ಗೊತ್ತಾಯಿತು. ಕೋಳಿಗೆ ಕೊಕ್ಕರೆ ರೋಗದ ಸೂಜಿ ಹಾಕುವ ದಿನ ನಾನು ಹನುಮಣ್ಣನನ್ನು ಕಳಿಸಿ, ಒಳಗೆ ಕೂತು ರಿಜಿಸ್ಟರ್ ಬರೆಯುತ್ತಿದ್ದೆ. ಇಪ್ಪತ್ತೆರಡು ವರ್ಷ ಯಾವ ವಾಸನೆಗೆ ಹೆದರಿ ಒಳಗೆ ಕೂತಿದ್ದೆನೋ ಆ ವಾಸನೆ ನನ್ನ ಕಾಲಿನಿಂದಲೇ ಬರುತ್ತಿತ್ತು. ಗೊತ್ತಾಗದೆ ಇರುತ್ತದೆಯೇ? ನಾಯಿಗೆ ಗೊತ್ತಾದದ್ದು ನನಗೆ ಗೊತ್ತಾಗುವುದಿಲ್ಲವೇ?

ಎಚ್ಚರವಿಲ್ಲದವನಿಗೆ ದೋಷವಿಲ್ಲ ಅಂತ ಬರೆದಿದ್ದೀಯ. ಎರಡನೇ ಕಟ್ಟಿಗೆ ಎಚ್ಚರವಿತ್ತು ಅಕ್ಕಾ. ಮೂರನೆಯದಕ್ಕೂ ಇತ್ತು. ದೇವರ ಪೆಟ್ಟಿಗೆ ಇರುವ ಕೋಣೆಗೆ ಹತ್ತು ಹೆಜ್ಜೆ ದೂರದಲ್ಲಿ ಮಲಗಿ, ಗೊತ್ತಿದ್ದೂ ಕಾಲು ಚಾಚಿ ಕೊಟ್ಟೆ. ಬೇಡ ಅನ್ನಬಹುದಿತ್ತು. ಅನ್ನಲಿಲ್ಲ. ಕುಂಟನಾಗಿ ಬದುಕಲು ಹೆದರಿಕೆಯಾಯಿತು. ಆ ಹೆದರಿಕೆಯ ಮುಂದೆ ದೇವರು ನೆನಪಾಗಲಿಲ್ಲ. ಮೊದಲು ನನಗೆ ನನ್ನ ಮೇಲೆ ಅಸಹ್ಯವಾಯಿತು, ಆಮೇಲೆ ಅದೂ ಅಭ್ಯಾಸವಾಯಿತು.

ಇಷ್ಟೇ ಆಗಿದ್ದರೆ ಇವತ್ತಿನವರೆಗೆ ಸುಮ್ಮನಿರುತ್ತಿರಲಿಲ್ಲ. ಇನ್ನೊಂದಿದೆ. ಅದನ್ನು ಓದಿ ನೀನು ನನ್ನನ್ನು ಏನು ಬೇಕಾದರೂ ಅನ್ನು.

ನಾನು ಅವತ್ತು ನಿನ್ನನ್ನು ಕರೆಯಲು ಬರುತ್ತಿರಲಿಲ್ಲ.

ಡಿಸೆಂಬರಿನಲ್ಲೇ ಹಿರಿಯರು ಕೂತು ದಿನ ಗೊತ್ತು ಮಾಡಿದರು. ಆಗಲೇ ತಿಪ್ಪಯ್ಯ ಮಾವ ಹೇಳಿದ, ಈ ಸಲ ವೀರಮ್ಮ ಬಂಡೆ ಹತ್ತಿರಕ್ಕೂ ಬರಬಾರದು, ಪೆಟ್ಟಿಗೆ ಹೊರಗೆ ಬರುವ ದಿನ ಅವಳ ನೆರಳು ದಾರಿಗೆ ಬೀಳಬಾರದು, ಅವಳ ತಮ್ಮನೇ ಹೋಗಿ ಹೇಳಿ ಬರಲಿ ಅಂತ. ನಾನು ಹೂಂ ಅಂದೆ. ವಾದ ಮಾಡಲಿಲ್ಲ, ತಲೆ ಕೂಡ ಕೆರೆದುಕೊಳ್ಳಲಿಲ್ಲ. ಹೂಂ ಅಂದೆ ಅಷ್ಟೇ. ಹೊರಡುವಾಗ ರಾಧಮ್ಮ ಅರಿಶಿನ ಕುಂಕುಮ, ಕಣ ತಂದು ಡಿಕ್ಕಿಗೆ ಹಾಕಿ, "ಬರೀ ಕೈಯಾಗೆ ಹೋಗಿ ಆ ಮಾತು ಹೇಳ್ಬ್ಯಾಡ್ರಿ. ಇದನ್ನ ಕೊಟ್ಟು ಹೇಳ್ರಿ" ಅಂದಳು. ನೀನು ಇಷ್ಟು ದಿನ ಹಣೆಗೆ ಇಟ್ಟುಕೊಂಡದ್ದು ಆ ಕುಂಕುಮ.

ದಾರಿಯುದ್ದಕ್ಕೂ ಹೇಗೆ ಹೇಳಲಿ, ಯಾವ ಮಾತಿನಿಂದ ಶುರು ಮಾಡಲಿ ಅಂತ ಯೋಚಿಸುತ್ತಾ ಬರುತ್ತಿದ್ದೆ. ಮುಂದೆ ಹುರುಳಿ ಹರಡಿದ್ದನ್ನು ನೋಡಲೇ ಇಲ್ಲ. ಹುರುಳಿಯವರ ತಪ್ಪೇನೂ ಇಲ್ಲ, ಅವರಿಗೆ ಹೇಳು.

ಕಟ್ಟು ಬಿಚ್ಚಿ ತಿಂಗಳಾಯಿತು. ಕಾಲು ಒಣಗಿದ ಹುಣಸೆ ಬರಲಿನ ಹಾಗಿದೆ, ಆದರೆ ನೆಟ್ಟಗಿದೆ. ಕೋಲು ಹಿಡಿದು ಬೇಲಿಯವರೆಗೆ ಹೋಗಿ ಬರುತ್ತೇನೆ. ಹಟ್ಟಿಯಿಂದ ಹೊರಗೆ ದಾಟುವವರೆಗೆ ನಾನೇ ಪೆಟ್ಟಿಗೆ ಹೊರಬೇಕಂತೆ, ಆಮೇಲೆ ತಿಪ್ಪಯ್ಯ ಮಾವನ ಮಗ ಹೊರುತ್ತಾನಂತೆ. ಯಾರಿಗೂ ಇನ್ನೂ ಏನೂ ಹೇಳಿಲ್ಲ. ಏನು ಮಾಡಲಿ ನೀನೇ ಹೇಳು. ನನ್ನ ತಲೆ ಓಡುವುದಿಲ್ಲ.

ಪಾತಣ್ಣ


ಮೊಳಕಾಲ್ಮೂರು
ಮೇ 1, 1998

ಪಾತಣ್ಣನಿಗೆ,

ಹಸಿರು ರವಿಕೆಯನ್ನು ಮಡಿಸಿ ಪೆಟಾರಿಯ ಅಡಿಗೆ ಹಾಕಿದೆ. ಬಿಂದಿಗೆಯನ್ನು ಅಟ್ಟಕ್ಕೆ ಹಾಕಿದೆ. ತಾಯಂದಿರು ಕೇಳಿದರೆ ಮಂಡಿ ನೋವು, ಹೋಗುವುದಿಲ್ಲ ಅಂತ ಹೇಳುತ್ತಿದ್ದೇನೆ. ನಿಮ್ಮ ಭಾವನವರಿಗೆ ಪತ್ರ ಓದಿ ಹೇಳಲಿಲ್ಲ. ಆದರೆ ಅವರು ಕೇಳದೆಯೇ ಎರಡು ದಿನದಿಂದ ತಾವೇ ಒಲೆ ಹಚ್ಚುತ್ತಿದ್ದಾರೆ.

ಏನು ಮಾಡಲಿ ಅಂತ ಕೇಳಿದ್ದೀಯ. ಏನೂ ಮಾಡಬೇಡ. ಯಾರಿಗೂ ಹೇಳಬೇಡ. ಆ ಪೆಟ್ಟಿಗೆ ಅಪ್ಪ ಹೊತ್ತದ್ದು, ತಾತ ಹೊತ್ತದ್ದು. ಹೇಳಿದರೆ ಅದು ನಿನ್ನ ಕೈ ಬಿಟ್ಟುಹೋಗುತ್ತದೆ. ನಾನು ಹೊರಗೆ ಕೂತು ಅಭ್ಯಾಸವಾಗಿದೆ. ನಿನಗೆ ಅಭ್ಯಾಸವಿಲ್ಲ, ತಡೆಯಲಾರೆ.

ನಾನು ಬರುವುದಿಲ್ಲ. ಬಂಡೆಗೂ ಬರುವುದಿಲ್ಲ. ನೀನು ಹೇಳಲು ಹೊರಟಿದ್ದ ಮಾತು ನನಗೆ ಮುಟ್ಟಿತು ಅಂತ ತಿಪ್ಪಯ್ಯನಿಗೆ ಹೇಳು.

ಕಾಲಿಗೆ ಹರಳೆಣ್ಣೆ ಬಿಸಿ ಮಾಡಿ ತಿಕ್ಕಿಸು. ಮೇಲಿನಿಂದ ಕೆಳಕ್ಕೆ ತಿಕ್ಕಬೇಕು, ಕೆಳಗಿನಿಂದ ಮೇಲಕ್ಕಲ್ಲ.

ವೀರಮ್ಮ


ಜಾಲಿಗುಡ್ಡದ ಹಟ್ಟಿ
ಮೇ 14, 1998

ಅಕ್ಕಾ,

ನೀನು ಹೇಳಬೇಡ ಅಂದದ್ದನ್ನು ಹೇಳಿಬಿಟ್ಟೆ. ಧೈರ್ಯ ಬಂದು ಹೇಳಿದ್ದಲ್ಲ. ಮುಚ್ಚಿಟ್ಟುಕೊಂಡು ಓಡಾಡಲು ಇನ್ನು ಮೈಯಲ್ಲಿ ತ್ರಾಣವಿರಲಿಲ್ಲ.

ಸೋಮವಾರ ಬೆಳಿಗ್ಗೆ ಕಂಬಳಿ ಹಾಸಿ ಪೆಟ್ಟಿಗೆ ಇಟ್ಟಿದ್ದರು. ಹಟ್ಟಿಯೆಲ್ಲ ನೆರೆದಿತ್ತು. ತಿಪ್ಪಯ್ಯ ಮಾವ, "ಎತ್ಕಳಪ್ಪ ಪಾತಣ್ಣ" ಅಂದ. ನಾನು ಪೆಟ್ಟಿಗೆ ಮುಟ್ಟದೆ ನಿಂತು, ನನ್ನ ಕಾಲಿಗೆ ಕಟ್ಟಿದ್ದು ಮೊಟ್ಟೆ ಲೋಳೆ, ಮೂರು ಸಲ ಕಟ್ಟಿದರು, ಎರಡು ಸಲ ನನಗೆ ಎಚ್ಚರವಿತ್ತು, ಗೊತ್ತಿದ್ದೇ ಕಟ್ಟಿಸಿಕೊಂಡೆ ಅಂದೆ. ಇನ್ನು ನನ್ನನ್ನು ಹೊರಗೆ ಹಾಕುತ್ತಾರೆ ಅಂತ ಕಾಯುತ್ತಾ ನಿಂತೆ.

ಆಮೇಲೆ ಆದದ್ದನ್ನು ಕೇಳು. ತಿಪ್ಪಯ್ಯ ಮಾವ ಇನ್ನಿಬ್ಬರು ಹಿರಿಯರ ಮುಖ ನೋಡಿದ. ಬೀಡಿ ಆರುವಷ್ಟು ಹೊತ್ತೂ ಆಗಲಿಲ್ಲ. "ಆಸ್ಪತ್ರೆ ಮದ್ದು ಅನ್ಕಂಡು ಬಿಡು. ಜೀವಕ್ಕೆ ಬಂದಾಗ ಏನ್ ಮಾಡಾಕಾಗ್ತೈತೆ? ಹೊಳಿಯಾಗೆ ಮೂರು ಬಿಂದಿಗೆ ನೀರು ಹುಯ್ಕ, ಒಂದು ಕಾಯಿ ಒಡಿ. ಮುಗೀತು. ಎತ್ತು ಪೆಟ್ಟಿಗೆ" ಅಂದ.

ಮೂರು ಬಿಂದಿಗೆ ನೀರು ಅಕ್ಕಾ. ಅದೂ ಹೊಳೆಯಲ್ಲಿ ನೀರಿಲ್ಲ, ಮರಳಲ್ಲಿ ಗುಂಡಿ ತೋಡಿ ಮೊಗೆಯಬೇಕು.

ಅವರು ನನ್ನನ್ನು ಬೈದಿದ್ದರೆ ತಲೆ ತಗ್ಗಿಸಿ ನಿಲ್ಲುತ್ತಿದ್ದೆ. ಅಷ್ಟು ಸಲೀಸಾಗಿ ಬಿಟ್ಟರಲ್ಲ, ಆಗ ನನಗೆ ಎಲ್ಲಿಲ್ಲದ ಸಿಟ್ಟು ಬಂತು. "ಮಾವ, ನಮ್ಮಕ್ಕನ ಗಂಡ ಮೊಟ್ಟೆ ಮಾರ್ತಾನೆ. ಅವಳು ತಿಂದಿಲ್ಲ, ಮೈಗೆ ಹಚ್ಕಂಡಿಲ್ಲ. ಅವಳಿಗೆ ಯಾಕೆ ಮೂರು ಬಿಂದಿಗೆ ಹುಯ್ಕ ಅನ್ನಲಿಲ್ಲ?" ಅಂತ ಕೇಳಿದೆ.

"ಅದು ಬೇರೆ" ಅಂದ.

"ಹೆಂಗೆ ಬೇರೆ?"

"ಬೇರೆ ಅಂದ್ರೆ ಬೇರೆ ಕಣಪ್ಪ. ಬಿಸ್ಲು ಏರ್ತೈತೆ, ನಡಿ."

ಅಷ್ಟೇ ಅಕ್ಕಾ. ಹನ್ನೊಂದು ವರ್ಷಕ್ಕೆ ಅವರ ಹತ್ತಿರ ಇದ್ದ ಕಾರಣ ಅಷ್ಟೇ. ಅದನ್ನು ನಾನು ಇಷ್ಟು ವರ್ಷ ದೇವರ ಮಾತು ಅಂದುಕೊಂಡು ನಿನ್ನನ್ನು ಹೊರಗೆ ಕೂರಿಸಿದ್ದೆ. ನಾನು ಒಂದೇ ಒಂದು ಸಲ ಕೇಳಿದ್ದರೆ ಆಗಲೇ ಗೊತ್ತಾಗುತ್ತಿತ್ತು. ಕೇಳಲಿಲ್ಲ. ನನ್ನನ್ನು ಕ್ಷಮಿಸು ಅನ್ನಲು ಬಾಯಿ ಬರುವುದಿಲ್ಲ, ಬರೆಯುತ್ತಿದ್ದೇನೆ.

ಪೆಟ್ಟಿಗೆಗೆ ಕೈಮುಗಿದು ಕೋಲು ತೆಗೆದುಕೊಂಡೆ. ನಮ್ಮಕ್ಕನಿಗೂ ಅದೇ ಮೂರು ಬಿಂದಿಗೆ ಅನ್ನುವವರೆಗೆ ನಾನೂ ಹುಯ್ದುಕೊಳ್ಳುವುದಿಲ್ಲ ಅಂದೆ. ಬೇಲಿ ದಾಟಿ ಹೋಗಿ ಬಂಡೆ ಮೇಲೆ ಕೂತೆ. ಪೆಟ್ಟಿಗೆಯನ್ನು ತಿಪ್ಪಯ್ಯ ಮಾವನ ಮಗ ಹೊತ್ತ. ನನ್ನ ಮುಂದೆಯೇ ಎಲ್ಲರೂ ಹೋದರು. ಕೆಲವರು ಮುಖ ತಿರುಗಿಸಿದರು, ಕೆಲವರು ನೋಡಿದರು. ಅಪ್ಪನ ಕಾಲದ ಪೆಟ್ಟಿಗೆ ಬೇರೆಯವನ ಹೆಗಲ ಮೇಲೆ ಹೋಗುವುದನ್ನು ನೋಡಿ ಅತ್ತೆ. ಜಾಲಿಮುಳ್ಳು ಚುಚ್ಚಿದವನ ಹಾಗೆ ಜೋರಾಗಿಯೇ ಅತ್ತೆ.

ರಾಧಮ್ಮ ಹೊಳೆಗೆ ಹೋಗಲಿಲ್ಲ. ಊಟದ ಹೊತ್ತಿಗೆ ಮುದ್ದೆ ತಂದಳು. ನೀರು ಕೊಡುವಾಗ ಚೊಂಬು ಹಿಡಿದು ನಿಂತಳು, ಎತ್ತಿ ಹುಯ್ಯಬೇಕೋ ಕೈಗೆ ಕೊಡಬೇಕೋ ತಿಳಿಯದೆ. ನಾನೇ ಬೊಗಸೆ ಒಡ್ಡಿದೆ. ಅವಳು ಹುಯ್ದಳು. ಅರ್ಧ ನೀರು ಮೊಣಕೈಯಿಂದ ಇಳಿದು ಅಂಗಿಯೊಳಗೆ ಹೋಯಿತು. ನಿನಗೂ ಹಾಗೇ ಆಗುತ್ತಿತ್ತೇ?

ಮೂರು ದಿನದಿಂದ ಹಗಲೆಲ್ಲ ಅಲ್ಲೇ ಕೂರುತ್ತಿದ್ದೇನೆ. ಮಧ್ಯಾಹ್ನ ಆ ಬಂಡೆ ಹೆಂಚಿನ ಹಾಗೆ ಕಾಯುತ್ತದೆ ಅಕ್ಕಾ. ಹನ್ನೊಂದು ವರ್ಷ ನೀನು ಒಂದು ಸಲವೂ ಅದನ್ನು ಹೇಳಲಿಲ್ಲ.

ನಿನ್ನ ತಮ್ಮ,
ಪಾತ


ಮೊಳಕಾಲ್ಮೂರು
ಮೇ 19, 1998

ಪಾತಾ,

ನೀನು ಕೂತಿರುವುದು ತಪ್ಪು ಮಗ್ಗುಲಿಗೆ. ಬಂಡೆಯ ಬೇಲಿ ಕಡೆಗೆ ಕೂರಬೇಡ, ಆ ಕಡೆ ಪೂರ್ತಿ ಬಿಸಿಲು. ಬಡಗಣ ತುದಿಗೆ ಒಂದು ತಗ್ಗು ಇದೆ, ನಾನು ಕೂತು ಕೂತು ನುಣುಪಾಗಿದೆ. ಅಲ್ಲಿಗೆ ಎರಡು ಗಂಟೆಯವರೆಗೂ ಬೇವಿನ ನೆರಳು ಬರುತ್ತದೆ. ಕಾಲು ಚಾಚಿ ಕೂರು, ಮಡಿಸಬೇಡ.

ನಿನ್ನ ಪತ್ರವನ್ನು ನಿಮ್ಮ ಭಾವನವರಿಗೆ ಓದಿ ಹೇಳಿದೆ. ಕೇಳಿ ಹಿತ್ತಲಿಗೆ ಹೋಗಿ ಕೋಳಿಗಳಿಗೆ ಕಾಳು ಹಾಕಿದರು. ಆಮೇಲೆ ಬಂದು, "ಸ್ಕೂಟರ್ ಈಗ್ಲೇ ಕಳ್ಸಾಕೆ ಆಗಲ್ಲ ಅಂತ ನಿನ್ ತಮ್ಮನಿಗೆ ಬರಿ. ಕಾಲಿಡೋ ಜಾಗ್ದಾಗೆ ಕೋಳಿ ಕಾವಿಗೆ ಕೂತೈತೆ. ಮರಿ ಆಗ್ಲಿ" ಅಂದರು. ಹನ್ನೊಂದು ವರ್ಷದ ಮೇಲೆ ಅವರು ನಿನಗೆ ಹೇಳಿ ಕಳಿಸಿದ ಮೊದಲ ಮಾತು ಇದು. ಇದ್ದದ್ದನ್ನು ಇದ್ದ ಹಾಗೇ ಬರೆದಿದ್ದೇನೆ.

ಕುಂಕುಮದ ನೋವು ನನಗೆ ಇನ್ನೂ ಹೋಗಿಲ್ಲ. ಸುಳ್ಳು ಹೇಳಲಾರೆ. ಬಂದಾಗ ಬೈಯುತ್ತೇನೆ, ಬೈಸಿಕೊಳ್ಳಬೇಕು.

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಅಟ್ಟದಿಂದ ಬಿಂದಿಗೆ ಇಳಿಸಿದೆ, ಎರಡು ಲೋಟವನ್ನೂ ಚೀಲಕ್ಕೆ ಹಾಕಿದ್ದೇನೆ. ನೀರು ನಾನೇ ತರುತ್ತೇನೆ ಅಂತ ರಾಧಮ್ಮನಿಗೆ ಹೇಳು. ಬೊಗಸೆಯಲ್ಲಿ ಕುಡಿದದ್ದು ಸಾಕು.

ಅಕ್ಕ